ಒಣಗಬಾರದ ಕಪ್ಪು ಪುಡಿ

ಅಕ್ಕನ ಮಗಳ ಹುಟ್ಟುಹಬ್ಬದ ಮರುದಿನ, ಗೋಡೆಗೆ ಕಟ್ಟಿದ್ದ ಬಲೂನೊಂದು ಸುಕ್ಕಾಗಿ ಜೋತುಬಿದ್ದಿತ್ತು. ಅದನ್ನು ಕಂಡಕೂಡಲೇ ನಮ್ಮ ಲ್ಯಾಬಿನ ತಾತ ನೆನಪಾದರು.

ನಾನಾಗ ಸಿರುಗುಪ್ಪದಿಂದ ದಿನಾ ಬಸ್ಸಿನಲ್ಲಿ ಬಳ್ಳಾರಿಗೆ ಬಂದು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ನಾವೆಲ್ಲ ತಾತ ಎಂದು ಕರೆಯುತ್ತಿದ್ದ ಬಾದನಹಟ್ಟಿಯ ಹಿರಿಯರು ಅಲ್ಲಿನ ಲ್ಯಾಬಿನಲ್ಲಿ ಅಟೆಂಡರು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವರು.

ಒಂದು ಪ್ರಯೋಗವೆಂದರೆ ಅವರಿಗೆ ಜೀವ. ಗಾಜಿನ ಬುರುಡೆಯಲ್ಲಿ ದ್ರಾವಣ, ಅದರೊಳಗೆ ಪಲ್ಲಾಡಿಯಂ ಲೋಹ ಬೆರೆತ ಚಿಟಿಕೆ ಇದ್ದಿಲ ಪುಡಿ, ಬಾಯಿಗೆ ಹೈಡ್ರೋಜನ್ ತುಂಬಿದ ಬಲೂನು. ಹೊತ್ತು ಕಳೆದಂತೆ ಬಲೂನು ತಾನಾಗಿ ಕುಗ್ಗುತ್ತಿತ್ತು. ತಾತ ಸ್ಟೂಲು ಎಳೆದುಕೊಂಡು ನೋಡುತ್ತ ಕೂರುತ್ತಿದ್ದರು.

“ಗ್ಯಾಸು ಎಲ್ಲಿ ಹೋತವ್ವಾ?”

ಹೈಡ್ರೋಜನ್ ಪರಮಾಣುಗಳು ಎರಡೆರಡಾಗಿ ಬಿಗಿಯಾಗಿ ಅಂಟಿಕೊಂಡಿರುತ್ತವೆ, ಆ ಲೋಹದ ಮೈಮೇಲೆ ಕೂತಾಗ ಒಂದನ್ನೊಂದು ಬಿಡುತ್ತವೆ, ಬಿಡಿಯಾದವು ದ್ರಾವಣದ ವಸ್ತುವನ್ನು ಸೇರಿಕೊಳ್ಳುತ್ತವೆ ಎಂದೆ. ತಾತ ಸ್ಟೂಲಿನಿಂದ ಬಾಗಿ ಬುರುಡೆಯೊಳಗೆ ಇಣುಕಿದರು.

“ಮತ್ತ ಆ ಪುಡಿ?”

“ಅದು ಹಂಗ ಉಳೀತೈತಿ ತಾತ.”

“ಇಷ್ಟೆಲ್ಲಾ ಮಾಡಿ, ಹಂಗ ಉಳೀತೈತಾ!”

ಎಷ್ಟೋ ಸಲ ಓದಿದ್ದ ಸಂಗತಿಗೆ ಅಂದು ಮೊದಲ ಸಲ ನನ್ನ ಮೈ ಜುಮ್ಮೆಂದಿತು.

ಸೋಸಿದ ಮೇಲೆ ಆ ಪುಡಿಯನ್ನು ಒಣಗಲು ಬಿಡಬಾರದು. ಒಳಗುಳಿದ ಹೈಡ್ರೋಜನ್‌ಗೆ ಗಾಳಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಗೊತ್ತಿದ್ದೂ ನಾನೊಮ್ಮೆ ಸೋಸಿದ ಕಾಗದವನ್ನು ಮೇಜಿನ ಮೇಲೆ ಬಿಟ್ಟು ಗೆಳತಿಯೊಡನೆ ಮಾತಿಗೆ ನಿಂತೆ. ಕಾಗದದ ಅಂಚು ಕೆಂಪಾಗಿ, ಭಗ್ಗೆಂದಿತು. ಪಕ್ಕದಲ್ಲೇ ಸ್ಪಿರಿಟ್ಟಿನ ಸೀಸೆ.

“ಸರೀರಿ ಹಿಂದಕ!”

ತಾತ ಒಂದು ಕೈಯಲ್ಲಿ ಸೀಸೆ ಎಳೆದು, ಇನ್ನೊಂದರಲ್ಲಿ ಒದ್ದೆ ಅರಿವೆಯನ್ನು ಬೆಂಕಿಯ ಮೇಲೆ ಒತ್ತಿ ಹಿಡಿದರು. ಅವರ ಬೆರಳುಗಳಲ್ಲಿ ಬೊಬ್ಬೆ ಎದ್ದವು.

ಇನ್ನು ಲ್ಯಾಬಿಗೆ ಕಾಲಿಡುವುದಿಲ್ಲ, ಓದನ್ನೇ ಬಿಟ್ಟುಬಿಡುತ್ತೇನೆ ಎಂದು ಅತ್ತುಬಿಟ್ಟೆ. ಮರುದಿನ ತಾತ ಕೈಗೆ ಪಟ್ಟಿ ಕಟ್ಟಿಕೊಂಡೇ ಅದೇ ಪ್ರಯೋಗಕ್ಕೆ ಎಲ್ಲ ಜೋಡಿಸಿಟ್ಟು ನನಗಾಗಿ ಕಾಯುತ್ತಿದ್ದರು.

“ಇವತ್ತು ಬಿಟ್ರ ಮತ್ತ ಯಾವತ್ತೂ ಮುಟ್ಟಂಗಿಲ್ಲ ನೀವು. ಮಾಡ್ರಿ, ನಾ ಅದೀನಿ.”

ಮಾಡಿದೆ. ಸೋಸುವಾಗ ಪುಡಿ ಒಣಗದಂತೆ ಅವರು ಹನಿಹನಿ ನೀರು ಬಿಡುತ್ತ ಪಕ್ಕದಲ್ಲೇ ನಿಂತಿದ್ದರು.

ಈಗ ನಾನೂ ಅದನ್ನೇ ಪಾಠ ಮಾಡುತ್ತೇನೆ. ಆ ಬಲೂನು ಕಂಡ ಮೇಲೆ, ಮೊನ್ನೆ ಭಾನುವಾರ ತಾತನನ್ನು ನೋಡಲು ಬಾದನಹಟ್ಟಿಗೆ ಹೋದೆ. ತಾತ ತೀರಿಕೊಂಡು ಎರಡು ವರ್ಷವಾಯಿತಂತೆ... ಅವರ ಮಗಳು ಚಹಾ ಕೊಡುತ್ತ ಕೇಳಿದಳು.

“ಅಪ್ಪ ಕಾಲೇಜಿನ್ಯಾಗ ಸೀಸೆ ತೊಳೀತಿದ್ದೆ ಅಂತಿದ್ದ. ನಿಮಗ ಹೆಂಗ ಗುರುತ್ರಿ?”

“ನನಗ ಕಲಿಸಿದವರವ್ವಾ,” ಎಂದೆ.

ಆ ಮಾತನ್ನು ನಾನು ಅವರಿಗೇ ಹೇಳಬೇಕಿತ್ತು.