ಮಾಷ್ಟ್ರು ಬರೆಸಿದ ಕೊನೆಯ ಚುಟುಕು

ಹಾಸಿಗೆ ಹಿಡಿದವರ ಮನೆಗೆ ವಾರಕ್ಕೊಮ್ಮೆ ಹೋಗುವ ನರ್ಸ್ ನಾನು. ನಮ್ಮ ಕಾಸರಗೋಡಿನಲ್ಲಿ ರೋಗಿಯ ಪುಸ್ತಕವನ್ನು ಮಲಯಾಳದಲ್ಲೇ ಬರೆಯಬೇಕು. ನಾನು ನೋಡಿಕೊಳ್ಳುತ್ತಿದ್ದ ಕನ್ನಡ ಮಾಷ್ಟ್ರೊಬ್ಬರಿಗೆ ಅದು ಓದಲು ಬರುತ್ತಿರಲಿಲ್ಲ. ರಾಜಕಾರಣಿಗಳ ಸುಳ್ಳಿನ ಮೇಲೆ ಚುಟುಕು ಕಟ್ಟುವುದೆಂದರೆ ಅವರಿಗೆ ಪ್ರಾಣ. ಕೈಗೆ ಶಕ್ತಿ ಇಲ್ಲದಾದ ಮೇಲೆ ಅವರು ಹೇಳಿದ್ದನ್ನು ನಾನೇ ಅವರ ಮನೆಯ ಚಾ ಕುಡಿಯುತ್ತಾ ಕೂತು ಬರೆದುಕೊಡುತ್ತಿದ್ದೆ.

ಒಂದು ದಿನ, ಇನ್ನು ನೋವಿನ ಮದ್ದು ಮಾತ್ರ ಸಾಕು ಎಂದು ಪುಸ್ತಕದಲ್ಲಿ ಬರೆದೆ.

“ಎಂತ ಬರೆದದ್ದು ಸಿಸ್ಟರೇ?”

“ಗುಣ ಆಗ್ತಾ ಉಂಟು ಅಂತ, ಮಾಷ್ಟ್ರೇ.”

ಅವರು, “ಒಂದು ಚುಟುಕು ಉಂಟು, ಬರ್ಕೊಳ್ಳಿ” ಎಂದರು.

ಸೇತುವೆ ಬರುವುದು ಎಂದನು ವೋಟಿಗೆ ಬಂದವನು,
ಸೌಖ್ಯವು ಬರುವುದು ಎಂದಳು ಮದ್ದನು ತಂದವಳು;
ಹೌದೌದು ಎಂದು ತಲೆಯಾಡಿಸಿದೆ ಇಬ್ಬರಿಗೂ ನಾನು,
ಕೂತು ಚಾ ಕುಡಿದವಳು ಮಾತ್ರ ಈ ಮಗಳು.

ಎರಡನೆಯ ಸಾಲಿಗೇ ನನ್ನ ಪೆನ್ನು ನಿಂತಿತ್ತು. “ಬರೀರಿ, ನಿಮ್ಮ ಮೇಲೆ ಸಿಟ್ಟಿಲ್ಲ,” ಎಂದರು ಮಾಷ್ಟ್ರು. “ಪ್ರಾಸ ತಪ್ಪದಿದ್ರೆ ಸಾಕು.”

ಮುಂದಿನ ವಾರ ಹೋಗುವಾಗ ಅವರ ಹಾಸಿಗೆ ಮಡಚಿಟ್ಟಿತ್ತು. ಅವರ ಹೆಂಡತಿ ಚಾ ತಂದುಕೊಟ್ಟು ಕೇಳಿದರು: “ಕಡೆಗೆ ಅವರಿಗೆ ನೋವು ಗೊತ್ತಾಗಿರ್ಲಿಕ್ಕಿಲ್ಲ, ಅಲ್ವಾ ಸಿಸ್ಟರ್?”

“ಇಲ್ಲ ಅಮ್ಮ, ಗೊತ್ತಾಗಿರ್ಲಿಕ್ಕಿಲ್ಲ” ಎಂದೆ.

ಚಾವನ್ನು ಕೂತು ಪೂರ್ತಿ ಕುಡಿದೆ. ಮಾಷ್ಟ್ರ ಚುಟುಕಾದರೂ ಸುಳ್ಳಾಗಬಾರದಲ್ಲ.