ಚಾರ್ಜಿನ ತೂಕ

ನನ್ನಣ್ಣನನ್ನು ಬೀದಿಯವರೆಲ್ಲ ಬ್ಯಾಟರಿ ಮಾಮ ಎನ್ನುತ್ತಾರೆ. ಆ್ಯಸಿಡ್ ಬಿದ್ದು ತೂತಾಗದ ಅಂಗಿ ಅವನ ಹತ್ತಿರ ಒಂದೂ ಇಲ್ಲ. ಕೆಳಗೆ ಅವನ ಚಾರ್ಜಿಂಗ್ ಅಂಗಡಿ, ಮೇಲಿನ ಕೋಣೆಯಲ್ಲಿ ನನ್ನ ಹೊಲಿಗೆ ಯಂತ್ರ. ಊರವರ ಬಟ್ಟೆಗಿಂತ ಅವನ ಅಂಗಿಗೆ ತೇಪೆ ಹಾಕಿದ್ದೇ ಹೆಚ್ಚು. ಲಾರಿ, ಟ್ಯಾಕ್ಸಿಗಳ ಬ್ಯಾಟರಿಗಳು ಸಂಜೆ ಬಂದು ಸಾಲಾಗಿ ಕೂರುತ್ತವೆ. ಬೆಳಿಗ್ಗೆ ಅವನು ಒಂದೊಂದರ ಮುಚ್ಚಳ ಬಿಚ್ಚಿ, ಇಂಗಿದಷ್ಟು ಡಿಸ್ಟಿಲ್ಡ್ ವಾಟರ್ ತುಂಬಿಸಿ, ಮುಚ್ಚಿ ಕಳಿಸುತ್ತಾನೆ. ಬ್ಯಾಟರಿಯ ವಿಷಯ ಎತ್ತಿದರೆ ಅವನ ಮಾತು ನಿಲ್ಲುವುದಿಲ್ಲ. ಬೇರೆ ಯಾವ ವಿಷಯಕ್ಕಾದರೂ ಬಾಯಿಗೆ ಬೀಗ.

ಎದುರಿಗಿದ್ದದ್ದು ಗುಜರಿ ಅಂಗಡಿ. ಅಪ್ಪ ತೀರಿಕೊಂಡ ಮೇಲೆ ಅದನ್ನು ಮಗಳೇ ನಡೆಸುತ್ತಿದ್ದಳು. ಹಳೇ ಕಬ್ಬಿಣ, ರದ್ದಿ, ಏನೇ ಬರಲಿ, ಬಾಗಿಲ ಪಕ್ಕದ ದೊಡ್ಡ ತಕ್ಕಡಿಗೆ ಹತ್ತಿಸಿ, ಮುಳ್ಳು ನಿಲ್ಲುವ ತನಕ ಕಾದು, ಬೀದಿಗೆಲ್ಲ ಕೇಳುವಂತೆ ತೂಕ ಹೇಳುವಳು. ಹಾಗಾಗಿ ಅವಳು ಎಲ್ಲರಿಗೂ ತಕ್ಕಡಿಯಕ್ಕ. ನನಗಿಂತ ಚಿಕ್ಕವಳಾದರೂ ನಾನೂ ಹಾಗೇ ಕರೆಯುತ್ತಿದ್ದೆ.

ಒಂದು ದಿನ ಅಣ್ಣ ಅವಳ ಮುಂದೆ ಜಂಬ ಕೊಚ್ಚಿದ. ಚಾರ್ಜ್ ಆದ ಬ್ಯಾಟರಿ ಖಾಲಿ ಬ್ಯಾಟರಿಗಿಂತ ಭಾರ, ಎತ್ತಿದ ಕೂಡಲೇ ತನ್ನ ಕೈಗೆ ಗೊತ್ತಾಗುತ್ತದೆ ಎಂದ. ಅವಳು ನಕ್ಕು, ಹಾಗಾದರೆ ತೂಗಿಯೇ ಬಿಡೋಣ ಎಂದಳು. ಒಂದು ಖಾಲಿ ಬ್ಯಾಟರಿಯನ್ನು ತೂಗಿದ್ದಾಯಿತು. ಮರುದಿನ ಚಾರ್ಜ್ ಆದ ಮೇಲೆ ಅದನ್ನೇ ಹೊತ್ತೊಯ್ದ. ಮುಳ್ಳು ಒಂದು ಗೆರೆಯಷ್ಟು ಮುಂದೆ ಹೋಗಿ ನಿಂತಿತು. ಅಣ್ಣನಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ಒಂದನ್ನು ನೋಡಿ ಹೇಗೆ ನಂಬುವುದು ಎಂದು ಅವಳು ಕೇಳಿದಳು.

"ನಾಳೆ ಇನ್ನೊಂದು ತರ್ತೀನಿ, ನೋಡೋಣ," ಎಂದ ಅಣ್ಣ.

ಮಾರನೆಯ ಬೆಳಿಗ್ಗೆ ನೀರಿನ ಕ್ಯಾನು ಕೈಯಲ್ಲಿ ಹಿಡಿದವನು ಹಾಗೇ ನಿಂತುಬಿಟ್ಟ. ಹೆಚ್ಚಿದ್ದು ಚಾರ್ಜಿನ ತೂಕವಲ್ಲ, ಅಭ್ಯಾಸಬಲದಿಂದ ಕೊನೆಗೆ ತಾನೇ ತುಂಬಿಸಿದ್ದ ನೀರಿನ ತೂಕ. ಮೇಲೆ ಬಂದು ನನಗೆ ಹೇಳಿದ. ಚಾರ್ಜ್ ಮಾಡಿದರೆ ಭಾರ ಹೊರಗಿನಿಂದ ಬರುವುದಿಲ್ಲವಂತೆ. ಒಳಗಿನ ಪ್ಲೇಟುಗಳಿಗೆ ಅಂಟಿಕೊಂಡಿದ್ದದ್ದು ಬಿಟ್ಟುಕೊಂಡು ನೀರಿಗೆ ಸೇರುತ್ತದೆ, ಜಾಗ ಬದಲಾಯಿಸುತ್ತದೆ ಅಷ್ಟೇ. ಇಷ್ಟು ವರ್ಷ ಇದೇ ಕೆಲಸ ಮಾಡಿಯೂ ಹೊಳೆಯಲಿಲ್ಲವಲ್ಲ ಎಂದು ತಲೆ ಚಚ್ಚಿಕೊಂಡ. ಹೋಗಿ ಹೇಳು, ನಕ್ಕು ಸುಮ್ಮನಾಗುತ್ತಾಳೆ ಎಂದೆ. ಹೋದ. ಕಿಟಕಿಯಿಂದ ಬಗ್ಗಿ ನೋಡಿದರೆ ಹೆಗಲ ಮೇಲೆ ಇನ್ನೊಂದು ಖಾಲಿ ಬ್ಯಾಟರಿ. ಆಗ ನನಗೆ ವಿಷಯ ಅರ್ಥವಾಯಿತು.

ವರ್ಷಗಟ್ಟಲೆ ನಡೆಯಿತು ಈ ನಾಟಕ. ಹಳೇ ಬ್ಯಾಟರಿಯಾದರೆ ಹೇಗೆ, ಹೊಸದಾದರೆ ಹೇಗೆ, ಸೆಕೆಯಲ್ಲಿ ಹೇಗೆ, ಚಳಿಯಲ್ಲಿ ಹೇಗೆ ಎಂದು ಇಬ್ಬರೂ ವಾದಕ್ಕೆ ಇಳಿದರೆ ಗಿರಾಕಿಗಳು ಕಾಯುತ್ತಾ ನಿಲ್ಲಬೇಕು. ಅವಳು ತೂಕ ಓದುವಾಗ ಅಣ್ಣ ಬೆನ್ನು ತಿರುಗಿಸಿ ರಸ್ತೆ ನೋಡುತ್ತಾ ನಿಲ್ಲುವನು. ಮುಳ್ಳಿನ ಮೇಲೆ ತನ್ನ ಕಣ್ಣು ಬೀಳಬಾರದು, ಆಗಲೇ ತೀರ್ಪು ನ್ಯಾಯವಾಗಿರುತ್ತದೆ ಎಂಬುದು ಅವನು ಕೊಡುತ್ತಿದ್ದ ಕಾರಣ. ಅವಳ ದನಿ ಕೇಳಲಿಕ್ಕೆಂದು ನನಗೆ ಗೊತ್ತಿಲ್ಲವೇ? ಓದಿ ಮುಗಿದ ಮೇಲೆ ಅದೇ ಮಾತು, ನಾಳೆ ಇನ್ನೊಂದು. ನಾನು ಬೈಯದ ದಿನವಿಲ್ಲ. ಹೀಗೆ ಮೀನ ಮೇಷ ಎಣಿಸುತ್ತಾ ಕೂತರೆ ತಲೆ ನರೆಯುತ್ತದೆ, ಮದುವೆಯಾಗುತ್ತೀಯಾ ಎಂದು ಕೇಳಿಬಿಡು ಎನ್ನುತ್ತಿದ್ದೆ. ಆಗಲಿ, ಈ ವಾರ ಎನ್ನುತ್ತಿದ್ದ. ತಲೆ ನರೆಯಿತು.

ಒಮ್ಮೆ ಕಾರಿನ ಬ್ಯಾಟರಿ ತಂದ ಕಾಲೇಜು ಮೇಷ್ಟ್ರೊಬ್ಬರು, ಪುಸ್ತಕದ ಲೆಕ್ಕಕ್ಕೆ ಚಾರ್ಜಿಗೂ ತೂಕ ಇದ್ದೇ ಇದೆ, ಆದರೆ ಯಾವ ಅಂಗಡಿಯ ತಕ್ಕಡಿಗೂ ಸಿಗದಷ್ಟು ಕಮ್ಮಿ ಎಂದು ಹೇಳಿ ಹೋದರು. ಅಣ್ಣ ಅವತ್ತೆಲ್ಲ ಖುಷಿಯಾಗಿದ್ದ. ತಾನು ಹೇಳಿದ್ದು ಪೂರ್ತಿ ಸುಳ್ಳಲ್ಲವಲ್ಲ ಎಂದು ಊಟಕ್ಕೆ ಕೂತಾಗಲೂ ಹೇಳಿದ.

ಹೀಗಿರುವಾಗ ದೂರದಲ್ಲಿದ್ದ ತಕ್ಕಡಿಯಕ್ಕನ ಅಕ್ಕ ತೀರಿಕೊಂಡಳು. ಭಾವ ಹಡಗಿನ ಕೆಲಸದವನು, ಮಕ್ಕಳಿನ್ನೂ ಚಿಕ್ಕವು. ನೋಡಿಕೊಳ್ಳಲು ಇವಳೇ ಹೋಗಬೇಕಾಯಿತು. ಅಂಗಡಿ ಖಾಲಿ ಮಾಡುವ ದಿನ, ಇವತ್ತು ಬಾಯಿ ಬಿಡದಿದ್ದರೆ ಇನ್ನು ಯಾವತ್ತೂ ಇಲ್ಲ ಎಂದು ನಾನೇ ಅಣ್ಣನನ್ನು ಹೊರಡಿಸಿ ಜೊತೆಗೆ ಹೋದೆ. ಪುಣ್ಯಾತ್ಮ ಆಗಲೂ ಬರಿಗೈಯಲ್ಲಿ ಬರಲಿಲ್ಲ. ಹಿಂದಿನ ದಿನ ತೂಗಿದ್ದ ಬ್ಯಾಟರಿಯನ್ನು ಚಾರ್ಜ್ ಮಾಡಿ ಹೊತ್ತೇ ಬಂದ.

ಅವಳು ಎಂದಿನಂತೆ ತೂಕ ಹೇಳಿದಳು. ಆಮೇಲೆ ಬ್ಯಾಟರಿಯ ಮುಚ್ಚಳದ ಮೇಲೆ ಬೆರಳಾಡಿಸಿ, ಒದ್ದೆಯಾದ ಬೆರಳನ್ನು ಅವನಿಗೆ ತೋರಿಸಿದಳು.

"ನೀರು ಹಾಕಿ ತರ್ತೀರಿ ಅಂತ ನಂಗೆ ಮೊದಲಿಂದ್ಲೂ ಗೊತ್ತಿತ್ತು. ಯಾವಾಗ್ಲೂ ಮುಚ್ಚಳ ಒದ್ದೆ ಇರ್ತಿತ್ತು."

ಅಣ್ಣನ ಮುಖ ಬಿಳಿಚಿಕೊಂಡಿತು. ಮತ್ತೆ ಯಾಕೆ ಹೇಳಲಿಲ್ಲ ಎಂದು ಹೇಗೋ ಕೇಳಿದ.

"ಹೇಳಿದ್ರೆ ಮತ್ತೆ ಬರ್ತಿದ್ರಾ?"

ನಾನು ಹೊರಗೆ ಸರಿದು ನಿಂತೆ. ಕೇಳು, ಈಗಲಾದರೂ ಕೇಳು ಎಂದು ಮನಸ್ಸಿನಲ್ಲೇ ಗೋಗರೆದೆ. ಅವನು ಜೇಬಿನಿಂದ ಬಟ್ಟೆ ತೆಗೆದು ಮುಚ್ಚಳ ಒರೆಸತೊಡಗಿದ. ಒರೆಸಿದ್ದನ್ನೇ ಒರೆಸಿದ. ಸಾಮಾನಿನ ಲಾರಿಯವನು ಹಾರ್ನ್ ಹೊಡೆದ. ಅವಳು ಇನ್ನೂ ಸ್ವಲ್ಪ ಹೊತ್ತು ಕಾದಳು, ನಾನು ಕಣ್ಣಾರೆ ನೋಡಿದ್ದೇನೆ. ಆಮೇಲೆ, ತಕ್ಕಡಿಗೆ ಲಾರಿಯಲ್ಲಿ ಜಾಗವಿಲ್ಲ, ನಿಮ್ಮ ಹತ್ತಿರವೇ ಇರಲಿ ಎಂದು ಹೇಳಿ ಹತ್ತಿ ಕೂತಳು. ಅಣ್ಣನ ಬಾಯಿಂದ ಆ ನಾಳೆಯ ಮಾತು ಕೂಡ ಹೊರಡಲಿಲ್ಲ.

ತಕ್ಕಡಿ ಈಗ ನಮ್ಮ ಅಂಗಡಿಯಲ್ಲಿದೆ. ಬಹಳ ದಿನ ಅವನು ಅದರ ಹತ್ತಿರ ಸುಳಿಯಲಿಲ್ಲ. ಆಮೇಲೊಂದು ಬೆಳಿಗ್ಗೆ ನನ್ನನ್ನು ಕೆಳಗೆ ಕರೆದ. ಹಿಂದಿನ ದಿನ ಖಾಲಿಯಿದ್ದಾಗ ನನ್ನ ಕೈಲೇ ತೂಗಿಸಿದ್ದ ಬ್ಯಾಟರಿಯನ್ನು ಚಾರ್ಜ್ ಮಾಡಿ, ಒಂದು ಹನಿ ನೀರೂ ಹಾಕದೆ, ತಕ್ಕಡಿಯ ಮೇಲೆ ಇಟ್ಟಿದ್ದ. ಓದು ಎಂದು ಹೇಳಿ, ಬೆನ್ನು ತಿರುಗಿಸಿ, ಎದುರಿನ ಮುಚ್ಚಿದ ಬಾಗಿಲನ್ನು ನೋಡುತ್ತಾ ನಿಂತ.

ಮುಳ್ಳು ನಿನ್ನೆಯ ಜಾಗ ಬಿಟ್ಟು ಅಲ್ಲಾಡಿರಲಿಲ್ಲ. ಹೇಗೆ ಹೇಳಲಿ? ಆ ಬೆನ್ನಿನ ಮೇಲಿನ ತೇಪೆಗಳನ್ನೆಲ್ಲ ನಾನೇ ಹಾಕಿದ್ದು. ಬೀದಿಗೆಲ್ಲ ಕೇಳುತ್ತಿದ್ದ ಆ ದನಿ ಬೇಕಿತ್ತು. ಅವನಿಗೊಬ್ಬನಿಗೇ ಅಲ್ಲ, ನನಗೂ ಬೇಕಿತ್ತು.

"ಸ್ವಲ್ಪ ಜಾಸ್ತಿ ಇದೆ ಅಣ್ಣ," ಎಂದೆ.

ಅವನು ತಿರುಗಿದ. ಮುಳ್ಳಿನ ಕಡೆ ನೋಡಲಿಲ್ಲ. ಮುಚ್ಚಳಗಳ ಮೇಲೆ ಮೆಲ್ಲಗೆ ಬೆರಳಾಡಿಸಿದ. ಎಲ್ಲವೂ ಒಣಗಿದ್ದವು.

"ನಾಳೆ ಇನ್ನೊಂದು ತರ್ತೀನಿ," ಎಂದ, "ನೋಡೋಣ."