ಮಲ್ಲಪ್ಪ ಮಾಮಾನ ಮೂಗಿನವನಿಗೆ ಒಂದು ಫೋಟೋ

ಬಿರುಗಾಳಿ ಬರುತ್ತಿದೆ, ಮನೆಯಿಂದ ಹೊರಗೆ ಹೋಗಬೇಡಿ ಎಂದು ಫೋನು ಕಿರುಚಿಕೊಂಡರೆ ಅಮೆರಿಕದ ಈ ಯೂನಿಯನ್ ಸಿಟಿಯ ಮಂದಿ ಮೇಣದಬತ್ತಿ ಹುಡುಕುತ್ತಾರೆ. ನಮ್ಮಕ್ಕ ಚಹಾಕ್ಕೆ ನೀರಿಡುತ್ತಿದ್ದಳು. ದೊಡ್ಡ ಥರ್ಮಾಸು ತುಂಬಿಸಿ, ಸೀರೆಯ ಮೇಲೆ ಎರಡು ಸ್ವೆಟರು, ಅದರ ಮೇಲೆ ಮಳೆಕೋಟು, ತಲೆಗೆ ಹುಬ್ಬಳ್ಳಿಯಿಂದ ತಂದ ಮಂಕಿ ಟೋಪಿ. ಕ್ಯಾಮೆರಾಕ್ಕೂ ಒಂದು ಪ್ಲಾಸ್ಟಿಕ್ ಟೋಪಿ, ಯಾವುದೋ ಹೋಟೆಲಿನ ಬಚ್ಚಲುಮನೆಯಿಂದ ಎತ್ತಿಕೊಂಡು ಬಂದದ್ದು. ಇಷ್ಟಾದ ಮೇಲೆ, "ಈರಣ್ಣಾ, ಗಾಡಿ ತಗೀ. ಹವಾ ಭಾಳ ಚಲೋ ಐತಿ" ಎನ್ನುತ್ತಿದ್ದಳು. ಹೊರಗೆ ಮರಗಳು ನೆಲಕ್ಕೆ ತಲೆ ತಾಗಿಸುತ್ತಿರುತ್ತಿದ್ದವು.

ಅವಳ ಹೆಸರು ನೀಲಾ. ಹಗಲು ಸನ್ನಿವೇಲಿನ ಒಂದು ಕಂಪನಿಯಲ್ಲಿ ಕಂಪ್ಯೂಟರ್ ಚಿಪ್ಪುಗಳನ್ನು ಪರೀಕ್ಷಿಸುವ ಇಂಜಿನಿಯರು. ಚಳಿಗಾಲದ ರಾತ್ರಿ ಓಕ್ಲೆಂಡ್ ಬಂದರಿನ ಪಕ್ಕದ ಗುಜರಿ ಅಂಗಳದ ಬೇಲಿಗೆ ಅಂಟಿಕೊಂಡು ಫೋಟೋ ತೆಗೆಯುವ ಹುಚ್ಚಿ. ಅಲ್ಲಿ ಮುರಿದ ಕಾರು, ಹಳೆಯ ಹಳಿಗಳನ್ನು ದೊಡ್ಡ ಉಕ್ಕಿನ ಪಂಜದಲ್ಲಿ ಎತ್ತಿ ಹಡಗಿಗೆ ತುಂಬುತ್ತಾರೆ. ಗ್ಯಾಸಿನ ಬೆಂಕಿಯಲ್ಲಿ ಕಬ್ಬಿಣ ಕತ್ತರಿಸುತ್ತಾರೆ. ಮಳೆ ಹನಿ ಕಾದ ಕಬ್ಬಿಣದ ಮೇಲೆ ಬಿದ್ದು ಹಬೆ ಏಳುವುದನ್ನು ಅಕ್ಕ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. ನಾನು ಬಾಯಿ ಮುಚ್ಚಿಕೊಂಡು ಛತ್ರಿ ಹಿಡಿಯುತ್ತಿದ್ದೆ. ಅವಳಿಗಲ್ಲ, ಕ್ಯಾಮೆರಾಕ್ಕೆ.

"ನೀ ತೊಯ್ಯಾಕತ್ತೀಯಲ್ಲ ಅಕ್ಕಾ."

"ನಾ ತೊಯ್ದ್ರ ಆರತೀನಿ. ಅದು ತೊಯ್ದ್ರ ಆರೂದಿಲ್ಲ. ಸುಮ್ನ ಹಿಡಿ."

ನಾನು ಹತ್ತನೆಯ ತರಗತಿಯ ಪರೀಕ್ಷೆಗೆ ಎರಡು ಸಲ ಕೂತು, ಎರಡು ಸಲವೂ ಅರ್ಧಕ್ಕೆ ಎದ್ದು ಬಂದವನು. ಅಕ್ಕನೇ ಕಾಗದಪತ್ರ ಮಾಡಿ ನನ್ನನ್ನು ಇಲ್ಲಿಗೆ ಕರೆಸಿಕೊಂಡಳು. ಕಿರಾಣಿ ಅಂಗಡಿಯ ವ್ಯಾನಿನಲ್ಲಿ ಮೌಂಟನ್ ವ್ಯೂದಿಂದ ಓಕ್ಲೆಂಡಿನ ತನಕ ಅಕ್ಕಿ, ಬೇಳೆ ಮುಟ್ಟಿಸುತ್ತೇನೆ. ಓದಿದವಳ ಹುಚ್ಚಿಗೆ ಓದದವನು ಛತ್ರಿ ಹಿಡಿಯಬೇಕಾದರೆ ನಗುವುದೊಂದೇ ಸೇಡು. ಎಲ್ಲರೆದುರು ಅವಳನ್ನು ಗೇಲಿ ಮಾಡುತ್ತಿದ್ದೆ. "ನಮ್ಮಕ್ಕಗ ಗುಜರಿಯವರು ಸಂಬಳ ಕೊಡಬೇಕ್ರಿ" ಎನ್ನುತ್ತಿದ್ದೆ.

ಇಲ್ಲಿ ನಮ್ಮವರಲ್ಲಿ ಕ್ಯಾಮೆರಾ ಇಲ್ಲದವರಿಲ್ಲ. ಬಿಸಿಲಿದ್ದ ಭಾನುವಾರ ಕೆಂಪು ಸೇತುವೆಯ ಮುಂದೆ ಹೆಂಡತಿಯನ್ನು ನಿಲ್ಲಿಸಿ, ಸೇತುವೆ ಪೂರ್ತಿ ಬರಲಿ ಎಂದು ಹೆಂಡತಿಯ ತಲೆ ಕತ್ತರಿಸುತ್ತಾರೆ. ಒಮ್ಮೆ ಯುಗಾದಿ ಊಟದಲ್ಲಿ ಒಬ್ಬರು ಅಕ್ಕನ ಹತ್ತಿರ ಬಂದರು. "ಮೇಡಂ, ನಮ್ಮ ಮಗಳ ಅರಂಗೇಟ್ರಂ ಇದೆ, ಫೋಟೋ ತೆಗೀತೀರಾ? ಲೈಟಿಂಗು ಸಖತ್ತಾಗಿರತ್ತೆ."

ಅಕ್ಕ ಹೋಳಿಗೆ ಮುರಿಯುತ್ತ ಕೇಳಿದಳು: "ಅಲ್ಲಿ ಮಳಿ ಬರತೈತೇನ್ರಿ?"

ಗುಜರಿಯ ಮೇಸ್ತ್ರಿಯೊಬ್ಬ, ಈ ಮುದುಕಿ ಯಾವುದಾದರೂ ಲಾರಿಗೆ ಸಿಕ್ಕಾಳು ಎಂದು, ಕತ್ತಲಲ್ಲಿ ಹೊಳೆಯುವ ಕಿತ್ತಳೆ ಬಣ್ಣದ ಅಂಗಿ ಕೊಟ್ಟಿದ್ದ. ಅಕ್ಕ ಅದನ್ನು ಪ್ರಶಸ್ತಿ ಎಂದು ತಿಳಿದಳು. ಶಿವರಾತ್ರಿಗೆ ಸನ್ನಿವೇಲಿನ ಗುಡಿಗೂ ತೊಟ್ಟು ಬಂದಳು. ಕಾರಿನಲ್ಲಿದ್ದವರೆಲ್ಲ ಗಾಜು ಇಳಿಸಿ ಎಲ್ಲಿ ನಿಲ್ಲಿಸಲಿ ಎಂದು ಅವಳನ್ನು ಕೇಳತೊಡಗಿದರು. ಅವಳು ಇಲ್ಲ ಎನ್ನಲಿಲ್ಲ. ಒಂದು ತಾಸು ಕೈ ಬೀಸಿ ಬೀಸಿ ಕಾರು ನಿಲ್ಲಿಸಿಕೊಟ್ಟಳು. ಒಳಗೆ ಬರುವ ಹೊತ್ತಿಗೆ ಮಂಗಳಾರತಿ ಮುಗಿದಿತ್ತು. "ಒಳಗ ದೇವರಿಗೆ ನೂರ ಮಂದಿ ಅದಾರ. ಹೊರಗ ಒಬ್ರೂ ಇರಲಿಲ್ಲ" ಎಂದಳು.

ನಮ್ಮಪ್ಪ ಹುಬ್ಬಳ್ಳಿಯಲ್ಲಿ ರೈಲಿನ ಗಾಲಿ ರಿಪೇರಿ ಮಾಡುವ ಕಾರ್ಖಾನೆಯಲ್ಲಿ ಮೂವತ್ತು ವರ್ಷ ರಾತ್ರಿ ಪಾಳಿ ಮಾಡಿದವನು. ಅವನದೊಂದು ಫೋಟೋ ನಮ್ಮಲ್ಲಿದೆ, ಗುರುತಿನ ಚೀಟಿಯದನ್ನು ಹಿಗ್ಗಿಸಿದ್ದು. ಅದರಲ್ಲಿ ಅವನು ಕಳವಿನಲ್ಲಿ ಸಿಕ್ಕಿಬಿದ್ದವನಂತೆ ಕಾಣುತ್ತಾನೆ. "ಅಪ್ಪ ಕೆಲಸದಾಗ ಹೆಂಗ ಕಾಣತಿದ್ದ, ನಿನಗ ಗೊತ್ತೇನೋ?" ಎಂದು ಅಕ್ಕ ಒಮ್ಮೆ ಕೇಳಿದಳು. ನನಗೆ ಗೊತ್ತಿರಲಿಲ್ಲ. ಅವಳಿಗೂ ಗೊತ್ತಿರಲಿಲ್ಲ. ಅದಕ್ಕೇ ಅವಳದೊಂದು ಹಟ: ಯಾರ ಫೋಟೋ ತೆಗೆದರೂ ಅವರ ಕೈಗೆ ಒಂದು ಪ್ರತಿ ಸೇರಬೇಕು.

ಆದರೆ ಅವರಿಗೆ ಥರ್ಮಾಸಿನ ಚಹಾ ಹಂಚುವವಳಿಗೆ ಹೆಸರು ಕೇಳುವುದಕ್ಕೂ, ಫೋಟೋ ತಾನೇ ಕೊಡುವುದಕ್ಕೂ ನಾಚಿಕೆ. ಚಿಪ್ಪುಗಳ ಜೊತೆ ಬದುಕಿದವಳು. ಅದಕ್ಕೆ ನಮ್ಮ ಬಳಗದವರ ಮುಖಗಳನ್ನೇ ಗುಜರಿಯಲ್ಲಿ ಹುಡುಕಿಕೊಂಡಳು. ಪ್ರತಿ ಲಕೋಟೆಯ ಮೇಲೂ ಕನ್ನಡದಲ್ಲಿ ವಿಳಾಸ: "ಮಲ್ಲಪ್ಪ ಮಾಮಾನ ಮೂಗಿನಾಂವ", "ಗದಗಿನ ಚಿಗವ್ವನಂಗ ನಗಾಂವ". ಮೆಕ್ಸಿಕೋದವನಿಗೆ ನಮ್ಮ ಮಾಮಾನ ಮೂಗು, ಫಿಲಿಪೀನ್ಸಿನವನಿಗೆ ಚಿಗವ್ವನ ನಗು. ಈ ವಿಳಾಸ ಓದಿ ಮನುಷ್ಯನನ್ನು ಗುರುತಿಸುವ ಅಂಚೆಯವನು ಇಡೀ ಅಮೆರಿಕದಲ್ಲಿ ನಾನೊಬ್ಬನೇ. ವ್ಯಾನು ಹೇಗೂ ಆ ಕಡೆ ಹೋಗುತ್ತಿತ್ತು. ಪ್ರತಿ ಲಕೋಟೆಯ ಜೊತೆ ನಾಲ್ಕು ಶೇಂಗಾ ಉಂಡಿ ಕಟ್ಟಿಕೊಡುತ್ತಿದ್ದಳು.

ಮೊದಲ ಸಲ ಹೋದಾಗ ಬಾಗಿಲಲ್ಲಿ ಕಾವಲಿನವನು ಹುಬ್ಬು ಗಂಟಿಕ್ಕಿಕೊಂಡು ಇಂಗ್ಲಿಷಿನಲ್ಲಿ ಏನೋ ಕೇಳಿದ. ಅವನ ಹಿಂದೆ ಲಾರಿಗಳು ಹಾರನ್ನು ಹೊಡೆಯುತ್ತಿದ್ದವು. ಮಲ್ಲಪ್ಪ ಮಾಮಾನ ಮೂಗಿನವನು ಬೇಕು ಎಂದು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು? ವ್ಯಾನು ತಿರುಗಿಸಿದೆ. ದಾರಿಯಲ್ಲಿ ಉಂಡಿ ತಿಂದೆ. ಲಕೋಟೆಯನ್ನು ಹಿಂದಿನ ಸೀಟಿನ ಅಡಿಗೆ ತುರುಕಿದೆ.

ಮನೆಯಲ್ಲಿ ಅಕ್ಕ ಬಾಗಿಲಲ್ಲೇ ನಿಂತಿದ್ದಳು. "ಏನಂದನೋ?"

"ಭಾಳ ಖುಷಿಪಟ್ಟ. ಮನ್ಯಾಗ ಗ್ವಾಡಿಗೆ ಹಾಕತಾನಂತ."

ಹಾಗೆ ನಾಲ್ಕು ಚಳಿಗಾಲ. ಸೀಟಿನ ಅಡಿ ತುಂಬಿ, ಲಕೋಟೆಗಳು ಅಕ್ಕಿ ಚೀಲ ತುಂಬುವ ರಟ್ಟಿನ ಡಬ್ಬಿಗೆ ಹೋದವು. ನನ್ನ ಸುಳ್ಳುಗಳೂ ಉಂಡಿ ತಿಂದು ಕೊಬ್ಬಿದವು. ಮಲ್ಲಪ್ಪ ಮಾಮಾನ ಮೂಗಿನವನ ಹೆಂಡತಿ ದಿನಾ ಫೋಟೋ ಒರೆಸತೊಡಗಿದಳು. ಚಿಗವ್ವನಂತೆ ನಗುವವನು ನಗುವುದು ಬಿಟ್ಟು ಅತ್ತ. ಅಕ್ಕ ಅಷ್ಟನ್ನೂ ಕೇಳಿ "ಹೌದಾ?" ಎಂದು ಒಂದೇ ಮಾತಾಡಿ, ಮತ್ತೆ ಶೇಂಗಾ ಹುರಿಯಲು ಹೋಗುತ್ತಿದ್ದಳು. ಉಂಡಿ ಹೇಗಿತ್ತಂತೆ ಎಂದರೆ ಮಾತ್ರ ನಿಜ ಹೇಳುತ್ತಿದ್ದೆ.

ಹೋದ ಜನವರಿಯಲ್ಲಿ ಒಂದು ದೊಡ್ಡ ಗಾಳಿಮಳೆ ಬಂತು. ಅಕ್ಕ ಥರ್ಮಾಸು ತುಂಬಿಸಿದಳು. ಟೀವಿಯಲ್ಲಿ ಕ್ರಿಕೆಟ್ಟಿತ್ತು. ನಡ ನೋಯುತ್ತಿದೆ ಎಂದೆ. ಅವಳು ಒಬ್ಬಳೇ ರೈಲು ಹಿಡಿದು, ಅಲ್ಲಿಂದ ಟ್ಯಾಕ್ಸಿ ಮಾಡಿ ಹೋದಳು. ಬೆಳಗಾಗುವ ಮುಂಚೆ ಮರಳಿ ಬಂದು, ಬಾಗಿಲಲ್ಲಿ ನಿಂತು ಮಂಕಿ ಟೋಪಿ ಹಿಂಡಿದಳು.

"ಮಲ್ಲಪ್ಪ ಮಾಮಾ ಸಿಕ್ಕಿದ್ದ" ಎಂದಳು. "ಹೆಂಡತಿ ಅರಾಮಾ ಅಂತ ಕೇಳಿದ್ನಿ. ಮದುವಿನೇ ಆಗಿಲ್ಲಂತಲ್ಲೋ ಅವಂದು."

ನಾನು ಟೀವಿ ನೋಡಿದೆ.

"ಉಂಡಿಗೆ ಬೆಲ್ಲ ಸಾಕಾಗಿತ್ತೇನೋ?"

ಆಗ ಅವಳ ಕಾಲು ಹಿಡಿಯಬೇಕಾಗಿತ್ತು. "ನಡ ಭಾಳ ನೋಯಾಕತ್ತೈತಿ ಅಕ್ಕಾ" ಎಂದೆ.

ಅವಳು ಬೈಯಲಿಲ್ಲ. ನನ್ನ ನಡಕ್ಕೆ ಎಣ್ಣೆ ಕಾಯಿಸಿ ತಂದುಕೊಟ್ಟಳು. ಆಮೇಲೆ ಗಾಡಿ ತೆಗೆ ಎಂದು ಒಮ್ಮೆಯೂ ಹೇಳಲಿಲ್ಲ. ಲಕೋಟೆಗಳೆಲ್ಲಿ ಎಂದೂ ಕೇಳಲಿಲ್ಲ. ನಾನಾಗಿ ಹೇಳಲಿ ಎಂದು ಕಾದಳೋ ಏನೋ. ನಾನು ನಾಳೆ, ನಾಳೆ ಎಂದೆ. ಏಪ್ರಿಲ್ಲಿನ ಒಂದು ಬೆಳಿಗ್ಗೆ ಅವಳ ಎದೆಬಡಿತ ನಿಂತಿತು. ಹೊರಗೆ ಲಕಲಕ ಬಿಸಿಲು. ಅಂಥ ಹವೆಯಲ್ಲಿ ಹೋಗುವುದು ಅವಳಿಗೆ ಒಪ್ಪಿಗೆಯಾಗುತ್ತಿರಲಿಲ್ಲ.

ಈ ಸಲದ ಮೊದಲ ಗಾಳಿಮಳೆಗೆ ಫೋನು ಕಿರುಚಿತು. ನಾನೇ ಮಾಡಿದ ಉಂಡಿ ಕಟ್ಟಿಕೊಂಡೆ. ಒಂದೂ ದುಂಡಗಿರಲಿಲ್ಲ. ಲಕೋಟೆಗಳ ಡಬ್ಬಿ ಹೊತ್ತು ಗುಜರಿಯ ಬಾಗಿಲಿಗೆ ಹೋದೆ. ಅದೇ ಕಾವಲಿನವನು, ಅದೇ ಗಂಟಿಕ್ಕಿದ ಹುಬ್ಬು. ಡಬ್ಬಿಯಲ್ಲಿ ಕೈಯಾಡಿಸಿದೆ. ಮಲ್ಲಪ್ಪ ಮಾಮಾನನ್ನು ಹುಡುಕುವಾಗ, ನಾನು ಯಾವತ್ತೂ ಓದದೆ ಒಗೆದಿದ್ದ ಒಂದು ಲಕೋಟೆ ಸಿಕ್ಕಿತು. ಅಕ್ಕನ ಗುಂಡು ಅಕ್ಷರ: "ಬಾಗಲಾಗ ಕುಂದ್ರಾಂವ. ನಮ್ಮ ಈರಣ್ಣನಂಥಾಂವ. ಅಂಜಿಕಿ ಬಂದ್ರ ಮಾರಿ ಗಂಟ ಹಾಕತಾನ."

ಅದನ್ನು ಅವನ ಕೈಗೆ ಕೊಟ್ಟೆ. ಫೋಟೋದಲ್ಲಿ ಅವನು ತನ್ನ ಗಾಜಿನ ಗೂಡಿನಲ್ಲಿ ಕೂತು ಅಕ್ಕನ ಚಹಾ ಊದುತ್ತಿದ್ದ. ಗಾಜಿನ ತುಂಬ ಮಳೆ. ದೀಪದ ಕೆಳಗೆ ಹಿಡಿದು ಬಹಳ ಹೊತ್ತು ನೋಡಿದ. ಹುಬ್ಬು ಸಡಿಲವಾಯಿತು. ಮೇಲೆ ಏನು ಬರೆದಿದೆ ಎಂದು ಕೇಳಿದ. ನನ್ನ ಮುರುಕು ಇಂಗ್ಲಿಷಿನಲ್ಲಿ, ನೀನು ನನ್ನ ಹಾಗೆ ಎಂದು ಬರೆದಿದ್ದಾಳೆ ಎಂದೆ. ಚಹಾದ ಅಮ್ಮ ಎಲ್ಲಿ ಎಂದ. ಇಲ್ಲ ಎಂದೆ. ಅವನು ತಲೆಯ ಟೋಪಿ ತೆಗೆದ. ನಾನು ಉಂಡಿಯ ಗಂಟು ಮುಂದೆ ಹಿಡಿದೆ. ಆಮೇಲೆ ಒಂದು ಉಂಡಿ ಬಾಯಿಗೆ ಹಾಕಿಕೊಂಡು, ಫೋಟೋವನ್ನು ಇನ್ನೊಮ್ಮೆ ನೋಡಿ ಒಂದು ಮಾತು ಹೇಳಿದ. ಉಳಿದವರು ಪಾಳಿ ಮುಗಿಸಿ ಬರುವ ತನಕ ಒಳಗೆ ನಿಲ್ಲು ಎಂದು ಬಾಗಿಲು ತೆಗೆದ.

ವ್ಯಾನನ್ನು ಒಳಗೆ ತರಲು ಹೋಗಿ ಸೀಟಿನಲ್ಲಿ ಕೂತೆ. ಪಕ್ಕದ ಸೀಟಿನಲ್ಲಿ ಅವಳ ಖಾಲಿ ಥರ್ಮಾಸಿತ್ತು. ಏನಂದನೋ ಎಂದು ಯಾರೂ ಕೇಳಲಿಲ್ಲ. ನಾನೇ ಹೇಳಿದೆ:

"'ಇಷ್ಟ ದಪ್ಪ ಅದೀನೇನು ನಾ?' ಅಂದ, ಅಕ್ಕಾ."